ಕೆರೆಯ ಲೆಕ್ಕ ಬರೆಯುವವರು ಯಾರು?

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ)

ಕಳೆದ ಬೇಸಿಗೆ ರಜೆಯಲ್ಲಿ ಮಾಮೂ ನನಗೊಂದು ಕೆಲಸ ಕೊಟ್ಟರು. ಅವರದು ಚಿಕ್ಕ ಕೋಳಿ ಅಂಗಡಿ. "ಕಾಮರ್ಸ್ ಓದ್ತೀಯಲ್ಲ ಬೇಟಾ, ನನ್ನ ಅಂಗಡಿ ಲೆಕ್ಕ ಸರಿಯಾಗಿ ಬರೆದುಕೊಡು. ದುಡಿದದ್ದು ಎಲ್ಲಿ ಹೋಗುತ್ತೆ ಅಂತ ನನಗೂ ಗೊತ್ತಾಗಲಿ" ಅಂದರು. ನಾನು ಒಂದು ಉದ್ದ ನೋಟ್‌ಬುಕ್ ತಂದು ಗೆರೆ ಎಳೆದೆ. ಒಂದು ಕಡೆ ಬಂದದ್ದು, ಇನ್ನೊಂದು ಕಡೆ ಹೋದದ್ದು. ಕೋಳಿ ಖರೀದಿ, ಅಂಗಡಿ ಬಾಡಿಗೆ, ಕರೆಂಟ್ ಬಿಲ್ಲು, ಕವರ್, ಕೆಲಸದ ಹುಡುಗನ ಸಂಬಳ, ಚಹಾ ಖರ್ಚು, ಎಲ್ಲವನ್ನೂ ಬರೆದೆ. ಎರಡು ವಾರ ಕಳೆದ ಮೇಲೆ ಒಂದು ವಿಷಯ ಗಮನಕ್ಕೆ ಬಂತು. ದಿನಾ ರಾತ್ರಿ ಅಂಗಡಿ ಮುಚ್ಚುವಾಗ ಪುಕ್ಕ, ಕರುಳು, ಚರ್ಮ ತುಂಬಿದ ಎರಡು ಚೀಲ ಹೊರಗೆ ಹೋಗುತ್ತಿದ್ದವು. ಅದಕ್ಕೆ ಮಾತ್ರ ನನ್ನ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ.

"ಮಾಮೂ, ಈ ಚೀಲಗಳ ಖರ್ಚು ಎಷ್ಟು ಬರೆಯಲಿ?" ಎಂದು ಕೇಳಿದೆ. ಅವರು ನಕ್ಕರು. "ಅದಕ್ಕೇನು ಖರ್ಚು? ಭಾಯಿ ಸ್ಕೂಟಿಯಲ್ಲಿ ತಗೊಂಡು ಹೋಗಿ ಕೆರೆ ಕಡೆ ಹಾಕಿ ಬರ್ತಾನೆ." ಹಾಗಾಗಿ ನಾನು 'ತ್ಯಾಜ್ಯ' ಎಂದು ಬರೆದು ಮುಂದೆ ಸೊನ್ನೆ ಹಾಕಿದೆ. ಆ ಸೊನ್ನೆಯ ಬಗ್ಗೆಯೇ ಈ ಲೇಖನ.

ಮೇ ತಿಂಗಳಲ್ಲಿ ಒಂದು ರಾತ್ರಿ ಗುಡುಗು ಸಮೇತ ಜೋರು ಮಳೆ ಬಂತು. ಬೆಳಿಗ್ಗೆ ಫಜರ್ ನಮಾಜ್ ಮುಗಿಸಿ ಬಂದ ಅಬ್ಬಾ ಕೆರೆ ಹತ್ತಿರ ಜನ ಸೇರಿದ್ದಾರೆ ಎಂದರು. ನಾನು ನಾನಿಯ ಜೊತೆ ಹೋದೆ. ದಡದ ಉದ್ದಕ್ಕೂ ಮೀನುಗಳು ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಕೆಲವು ಇನ್ನೂ ಬಾಯಿ ತೆರೆದು ಮುಚ್ಚಿ ಒದ್ದಾಡುತ್ತಿದ್ದವು. ಮೀನು ಹಿಡಿಯಲು ಗುತ್ತಿಗೆ ಪಡೆದಿದ್ದವರು ಏರಿಯ ಕಲ್ಲಿನ ಮೇಲೆ ತಲೆ ಮೇಲೆ ಕೈ ಹೊತ್ತು ಕುಳಿತಿದ್ದರು. ಸಾಲ ಮಾಡಿ ಮರಿ ಬಿಟ್ಟಿದ್ದರಂತೆ. ಸುತ್ತ ನಿಂತವರೆಲ್ಲ ಒಂದೇ ಮಾತು ಹೇಳುತ್ತಿದ್ದರು: ಯಾರೋ ಆಗದವರು ನೀರಿಗೆ ವಿಷ ಹಾಕಿದ್ದಾರೆ. ಯಾರು ಎಂದು ಊಹಿಸುವುದೂ ಶುರುವಾಗಿತ್ತು.

ಕಾಲೇಜು ಶುರುವಾದ ಮೇಲೆ ನಮ್ಮ ಜೀವಶಾಸ್ತ್ರ ಉಪನ್ಯಾಸಕರನ್ನು ಈ ವಿಷಯ ಕೇಳಿದೆ. ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಇಲ್ಲಿ ಬರೆಯುತ್ತೇನೆ. ಮೀನು ಉಸಿರಾಡುವುದು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು. ಒಂದು ಲೀಟರ್ ನೀರಿನಲ್ಲಿ 5 ಮಿಲಿಗ್ರಾಂ ಇದ್ದರೆ ಮೀನಿಗೆ ತೊಂದರೆ ಇಲ್ಲ. 2 ಮಿಲಿಗ್ರಾಂಗಿಂತ ಕೆಳಗೆ ಇಳಿದರೆ ಹೆಚ್ಚಿನ ಮೀನುಗಳು ಉಸಿರುಕಟ್ಟಿ ಸಾಯುತ್ತವೆ. ಹಗಲಲ್ಲಿ ಪಾಚಿ ಮತ್ತು ನೀರುಗಿಡಗಳು ಬಿಸಿಲಿನಿಂದ ಆಮ್ಲಜನಕ ತಯಾರಿಸುತ್ತವೆ. ರಾತ್ರಿ ತಯಾರಿಸುವವರು ಯಾರೂ ಇಲ್ಲ, ಪಾಚಿಯೂ ಸೇರಿ ಎಲ್ಲವೂ ಉಸಿರಾಡುತ್ತವೆ. ಹಾಗಾಗಿ ಬೆಳಗಿನ ಜಾವಕ್ಕೆ ಆಮ್ಲಜನಕ ಅತಿ ಕಡಿಮೆ ಆಗಿರುತ್ತದೆ. ಕೊಳೆಯುವ ವಸ್ತು ನೀರಿಗೆ ಬಿದ್ದರೆ ಅದನ್ನು ತಿನ್ನುವ ಬ್ಯಾಕ್ಟೀರಿಯಾ ಉಳಿದದ್ದನ್ನೂ ಬಳಸಿಬಿಡುತ್ತವೆ. ಬೇಸಿಗೆಯಲ್ಲಿ ನೀರು ಕಡಿಮೆ, ಅದೂ ಬೆಚ್ಚಗಿರುತ್ತದೆ. 20 ಡಿಗ್ರಿಯ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 30 ಡಿಗ್ರಿಯ ನೀರು ಏಳೂವರೆ ಮಾತ್ರ ಹಿಡಿಯುತ್ತದೆ. ಇಂಥ ಸಮಯದಲ್ಲಿ ಮೊದಲ ದೊಡ್ಡ ಮಳೆ ಬಂದು ಕಾಲುವೆಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಕೊಳೆಯನ್ನೆಲ್ಲ ಒಂದೇ ಸಲ ಕೆರೆಗೆ ನೂಕುತ್ತದೆ, ತಳದ ಕೆಸರನ್ನೂ ಕದಡುತ್ತದೆ. ಆಮೇಲೆ ಯಾರೂ ವಿಷ ಹಾಕಬೇಕಾಗಿಲ್ಲ.

ನಮ್ಮ ಕೆರೆಯಲ್ಲಿ ಆ ದಿನ ನಡೆದದ್ದು ಇದೇ ಎಂದು ನಾನು ಹೇಳಲಾರೆ. ಏಕೆಂದರೆ ಆ ಬೆಳಿಗ್ಗೆ ಯಾರೂ ನೀರನ್ನು ಅಳೆಯಲಿಲ್ಲ. ಹಿಂದಿನ ತಿಂಗಳೂ ಅಳೆದಿರಲಿಲ್ಲ. ಅಳತೆ ಇಲ್ಲದ ಕಡೆ ಊಹೆ ಬರುತ್ತದೆ, ಊಹೆಯ ಜೊತೆ ಆರೋಪ ಬರುತ್ತದೆ. ನಮ್ಮಂಥ ಊರಿನಲ್ಲಿ ಆರೋಪ ಯಾವ ಬೀದಿಯ ಕಡೆ ತಿರುಗುತ್ತದೆ ಎಂದು ಓದುಗರಿಗೆ ನಾನು ಹೇಳಬೇಕಾಗಿಲ್ಲ.

ನಮ್ಮ ದ್ವಿತೀಯ ಪಿಯು ಅರ್ಥಶಾಸ್ತ್ರದಲ್ಲಿ 'ಬಾಹ್ಯತೆ' ಎಂಬ ಒಂದು ಪಾಠವಿದೆ. ಒಂದು ತೈಲ ಸಂಸ್ಕರಣಾಗಾರ ನದಿಯನ್ನು ಕೆಡಿಸುತ್ತದೆ, ಮೀನು ಸಾಯುತ್ತವೆ, ಮೀನುಗಾರರಿಗೆ ನಷ್ಟವಾಗುತ್ತದೆ. ಆದರೆ ಆ ನಷ್ಟವನ್ನು ಸಂಸ್ಕರಣಾಗಾರ ಕೊಡುವುದಿಲ್ಲ, ದೇಶದ ಜಿಡಿಪಿ ಲೆಕ್ಕದಲ್ಲೂ ಅದು ಕಳೆಯುವುದಿಲ್ಲ. ಪರೀಕ್ಷೆಗೆ ಬಾಯಿಪಾಠ ಮಾಡುವಾಗ ಇದು ಎಲ್ಲೋ ದೂರದ ಕಂಪನಿಯ ಕಥೆ ಅನ್ನಿಸಿತ್ತು. ಈಗ ನನ್ನ ಕೈಬರಹದಲ್ಲೇ ಅದು ಇದೆ. ಮಾಮೂ ಪುಸ್ತಕದ ಸೊನ್ನೆ ಸುಳ್ಳು ಸೊನ್ನೆ. ಆ ಖರ್ಚನ್ನು ಏರಿಯ ಮೇಲೆ ಕುಳಿತಿದ್ದ ಆ ಮನುಷ್ಯ ಕೊಟ್ಟಿರಬಹುದು.

ಇದನ್ನು ಹೇಳಿದಾಗ ಮಾಮೂಗೆ ಬೇಜಾರಾಯಿತು. "ಊರಿನ ಚರಂಡಿಯೆಲ್ಲ ಕೆರೆಗೆ ಹೋಗುತ್ತೆ. ಬಟ್ಟೆ ಒಗೆದ ಸೋಪಿನ ನೀರು, ಬಣ್ಣದ ಮೂರ್ತಿ, ಹೊಲದ ಗೊಬ್ಬರ, ಕುಡಿದು ಎಸೆದ ಬಾಟಲಿ, ಎಲ್ಲಾ ಅಲ್ಲೇ. ನಿನಗೆ ನನ್ನ ಎರಡು ಚೀಲ ಮಾತ್ರ ಕಾಣಿಸ್ತಾ?" ಎಂದರು. ಅವರ ಮಾತಿನಲ್ಲಿ ನ್ಯಾಯವಿದೆ. ಒಂದು ಪಟ್ಟಣದ ಕೊಳಚೆ ನೀರಿನ ಮುಂದೆ ಒಂದು ಕೋಳಿ ಅಂಗಡಿ ದೊಡ್ಡದಲ್ಲ. ಸಾಬೂನಿನ ಪುಡಿ ಮತ್ತು ಗೊಬ್ಬರದಿಂದ ಬರುವ ರಂಜಕ, ಸಾರಜನಕ ಪಾಚಿಯನ್ನು ಬೆಳೆಸುತ್ತವೆ, ಪಾಚಿ ಕೊಳೆತು ಆಮ್ಲಜನಕ ತಿನ್ನುತ್ತದೆ. ಅದಕ್ಕೆ ಜಾತಿ ಧರ್ಮ ಇಲ್ಲ. ಆದರೆ ನಾನು ಲೆಕ್ಕ ಬರೆದಿರುವುದು ಮಾಮೂ ಅಂಗಡಿಯದೊಂದೇ. ಬೇರೆಯವರ ಪುಸ್ತಕವನ್ನು ತಿದ್ದಲು ನಾನು ಯಾರು? ಮದರಸಾದಲ್ಲಿ ಉಸ್ತಾದರು ನಮಗೆ ಹೇಳಿಕೊಟ್ಟ ಮೊದಲ ಪಾಠಗಳಲ್ಲಿ ಒಂದು, ಹರಿಯುವ ಹೊಳೆಯ ದಡದಲ್ಲಿ ಕುಳಿತು ವುಜೂ ಮಾಡಿದರೂ ನೀರು ಪೋಲು ಮಾಡಬಾರದು, ನಿಂತ ನೀರನ್ನು ಹೊಲಸು ಮಾಡಬಾರದು ಎಂಬುದು. ಕೆರೆಯೂ ನಿಂತ ನೀರೇ.

ಇಷ್ಟಕ್ಕೂ ಕೆರೆ ಎಂದರೆ ನಮಗೆ ಸಣ್ಣ ವಿಷಯವಲ್ಲ. ನಮ್ಮ ಮೂರು ತಾಲ್ಲೂಕುಗಳ ನಕ್ಷೆ ತೆಗೆದು ನೋಡಿ. ತರೀಕೆರೆಯ ಹೆಸರಿನಲ್ಲೇ ಕೆರೆ ಇದೆ. ಬೆಟ್ಟದತಾವರೆಕೆರೆ ಎಂಬ ಊರಿದೆ. ಅಲ್ಲಿ ಒಂದು ಕಾಲಕ್ಕೆ ತಾವರೆ ಇತ್ತು ಎಂದು ಹೆಸರೇ ಹೇಳುತ್ತದೆ. ಕಡೂರು ತಾಲ್ಲೂಕಿನಲ್ಲಿ ಎಮ್ಮೆದೊಡ್ಡಿ ಕಡೆ ಮದಗದ ಕೆರೆ ಇದೆ, ಸಖರಾಯಪಟ್ಟಣದ ಹತ್ತಿರ ಅಯ್ಯನಕೆರೆ ಇದೆ. ಅಯ್ಯನಕೆರೆಯನ್ನು ರುಕ್ಮಾಂಗದ ರಾಯ ಕಟ್ಟಿಸಿದ ಎಂದು ಜನ ಹೇಳುತ್ತಾರೆ, ಹೊಯ್ಸಳರ ಕಾಲದಲ್ಲಿ 1156ರಲ್ಲಿ ಅದರ ಜೀರ್ಣೋದ್ಧಾರವಾಯಿತು ಎಂದು ಇತಿಹಾಸದಲ್ಲಿದೆ. ಬಾಬಾಬುಡನ್ ಗಿರಿಯ ಪೂರ್ವದ ಕಡೆ ಹುಟ್ಟುವ ವೇದಾ ಹಳ್ಳ ಅಯ್ಯನಕೆರೆಗೆ ಬರುತ್ತದೆ, ಆವತಿ ಹಳ್ಳ ಮದಗದ ಕೆರೆಗೆ. ಎರಡೂ ಕಡೂರಿನ ಹತ್ತಿರ ಸೇರಿ ವೇದಾವತಿ ನದಿಯಾಗುತ್ತವೆ. ಅಂದರೆ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗುವ ನೀರು ಮೊದಲು ನಮ್ಮ ಕೆರೆಗಳನ್ನು ದಾಟಿ ಹೋಗುತ್ತದೆ. ಒಂದು ಕೆರೆಯ ಕೋಡಿ ನೀರು ಮುಂದಿನ ಕೆರೆಗೆ, ಅದರ ಕೋಡಿ ಇನ್ನೊಂದಕ್ಕೆ. ನಮ್ಮ ಕಾಲುವೆಗೆ ಎಸೆದ ಚೀಲ ನಮ್ಮ ಊರಲ್ಲೇ ನಿಲ್ಲುತ್ತದೆ ಎಂದು ಯಾರೂ ಖಾತ್ರಿ ಕೊಡಲಾರರು.

ತರೀಕೆರೆಯ ನೀರಿನ ದಾರಿ ಬೇರೆ. ಬೀರೂರು ಜಂಕ್ಷನ್‌ನಲ್ಲಿ ರೈಲು ಹಳಿ ಎರಡಾಗುವುದನ್ನು ನಾವೆಲ್ಲ ನೋಡಿದ್ದೇವೆ. ಒಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿ ಕಡೆಗೆ, ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ. ನೀರೂ ಹೆಚ್ಚುಕಡಿಮೆ ಹಾಗೆಯೇ ಕವಲೊಡೆಯುತ್ತದೆ. ತರೀಕೆರೆ ಕಡೆಯದು ಭದ್ರೆಗೆ, ಕಡೂರು ಅಜ್ಜಂಪುರದ ಕಡೆಯದು ವೇದಾವತಿಗೆ. ಭದ್ರೆ ತುಂಗೆಯನ್ನು ಸೇರಿ ತುಂಗಭದ್ರೆಯಾಗುತ್ತಾಳೆ. ವೇದಾವತಿ ಬಳ್ಳಾರಿ ಸೀಮೆಯಲ್ಲಿ ಹಗರಿ ಎಂಬ ಹೆಸರಿನಲ್ಲಿ ಅದೇ ತುಂಗಭದ್ರೆಗೆ ಸೇರುತ್ತಾಳೆ. ನಡುವೆ ದಿಣ್ಣೆ ಇದ್ದುದರಿಂದ ಇಲ್ಲಿ ಮಾತ್ರ ಎರಡೂ ಕೂಡುತ್ತಿರಲಿಲ್ಲ.

ಈಗ ಆ ದಿಣ್ಣೆಯನ್ನು ಕೊರೆದಿದ್ದಾರೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಲಕ್ಕವಳ್ಳಿಯ ಭದ್ರಾ ಜಲಾಶಯದ ನೀರನ್ನು ಬೆಟ್ಟದತಾವರೆಕೆರೆಯ ಪಂಪ್‌ಹೌಸ್‌ನಲ್ಲಿ ಮೇಲಕ್ಕೆತ್ತಿ, ಅಜ್ಜಂಪುರದ ಹತ್ತಿರ ಸುಮಾರು 7 ಕಿಲೋಮೀಟರ್ ಸುರಂಗದಲ್ಲಿ ಈ ಕಡೆಗೆ ಹರಿಸುತ್ತಾರೆ. 2019ರಲ್ಲಿ ಮೊದಲ ಸಲ ನೀರು ಬಂತು. ಯೋಜನೆಗೆ ಒಟ್ಟು 29.90 ಟಿಎಂಸಿ ನೀರು ಹಂಚಿಕೆಯಾಗಿದೆ. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳಲ್ಲಿ ಎರಡೂಕಾಲು ಲಕ್ಷ ಹೆಕ್ಟೇರ್ ಭೂಮಿಗೆ ನೀರು, 367 ಕೆರೆಗಳನ್ನು ತುಂಬಿಸುವುದು ಗುರಿ. ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಮತ್ತೆ ಕೋಡಿ ಬಿತ್ತು, 2025ರ ಜನವರಿಯಲ್ಲೂ ಬಿತ್ತು. ಟಿವಿಯಲ್ಲಿ ನೋಡಿ ನಮ್ಮ ಮನೆಯಲ್ಲೂ ಖುಷಿಪಟ್ಟರು. ಅಜ್ಜಂಪುರದಲ್ಲಿ ನನ್ನ ಖಾಲಾ ಮನೆಯವರು ಈರುಳ್ಳಿ ಬೆಳೆಯುತ್ತಾರೆ. ಎರಡು ಬೋರ್‌ವೆಲ್ ಬತ್ತಿದ್ದನ್ನು ನಾನೇ ನೋಡಿದ್ದೇನೆ. ಆದ್ದರಿಂದ ಕೆರೆ ತುಂಬಿಸುವುದನ್ನು ನಾನು ವಿರೋಧಿಸುತ್ತೇನೆ ಎಂದು ಯಾರೂ ತಿಳಿಯಬಾರದು. ನನ್ನ ಪ್ರಶ್ನೆ ಬೇರೆ. ಕೆರೆಗೆ ಎಷ್ಟು ನೀರು ಬಂತು ಎಂದು ಬರೆಯಲು ಇಲಾಖೆ ಇದೆ. ಆ ನೀರಿನಲ್ಲಿ ಏನು ಬದುಕಿದೆ ಎಂದು ಯಾರು ಬರೆಯುತ್ತಾರೆ?

ನೀರು ಬರಿಗೈಯಲ್ಲಿ ಬರುವುದಿಲ್ಲ. ಒಂದು ನದಿಯ ನೀರು ಇನ್ನೊಂದರ ಕಡೆಗೆ ಹೋಗುವಾಗ ಮೀನಿನ ಮರಿ, ಕಳೆಯ ತುಂಡು, ಬಸವನಹುಳು ಅದರ ಜೊತೆಯಲ್ಲೇ ಹೋಗಬಹುದು. ಮೊದಲು ಇಲ್ಲಿ ಏನಿತ್ತು ಎಂದು ಬರೆದಿಟ್ಟಿದ್ದರೆ ಮಾತ್ರ ಹೊಸದಾಗಿ ಏನು ಬಂತು, ಹಳೆಯದು ಯಾವುದು ಹೋಯಿತು ಎಂದು ತಿಳಿಯುತ್ತದೆ. ನಮ್ಮ ಅಕೌಂಟೆನ್ಸಿಯಲ್ಲಿ ಆರಂಭಿಕ ಶಿಲ್ಕು ಇಲ್ಲದೆ ಯಾವ ಲೆಕ್ಕವೂ ಶುರುವಾಗುವುದಿಲ್ಲ. ನಮ್ಮ ಕೆರೆಗಳಿಗೆ ಆರಂಭಿಕ ಶಿಲ್ಕು ಎಲ್ಲಿದೆ?

ನನಗೆ ಸಿಕ್ಕಿರುವುದು ನಾನಿಯ ನೆನಪು ಮಾತ್ರ. ಮನೆಯ ಉರ್ದುವಿನಲ್ಲಿ ಅವರು ಕೆರೆಯನ್ನು ತಲಾಬ್ ಅನ್ನುತ್ತಾರೆ. ಅವರು ಚಿಕ್ಕವರಿದ್ದಾಗ ತೂಬಿನ ಹತ್ತಿರ ನೀರು ಎಷ್ಟು ತಿಳಿಯಾಗಿತ್ತೆಂದರೆ ಮುರ್ರಲ್ ಮೀನಿನ ಕೆಂಪು ಮರಿಗಳು ಗುಂಪಾಗಿ ಮೇಲೆ ಬರುವುದು, ಕೆಳಗೆ ದೊಡ್ಡ ಮೀನು ಕಾವಲು ನಿಲ್ಲುವುದು ಕಾಣುತ್ತಿತ್ತಂತೆ. ಇದು ಕಥೆ ಇರಬೇಕು ಅಂದುಕೊಂಡಿದ್ದೆ. ಓದಿದಾಗ ನಿಜವೆಂದು ಗೊತ್ತಾಯಿತು. ಮುರ್ರಲ್ ತನ್ನ ಮರಿಗಳನ್ನು ಕಾಯುವ ಮೀನು. ನೀರಿನಿಂದ ತಲೆ ಎತ್ತಿ ಗಾಳಿಯನ್ನೂ ಉಸಿರಾಡುತ್ತದೆ. ಕೆರೆ ಬತ್ತಿದರೆ ಕೆಸರಿನಲ್ಲಿ ಹುದುಗಿ ಮಳೆಗೆ ಕಾಯುತ್ತದೆ. ಬರದ ಸೀಮೆಗೆ ಹೇಳಿಮಾಡಿಸಿದ ಮೀನು ಅದು. ಈಗ ಮಾರುಕಟ್ಟೆಯಲ್ಲಿ ಕೆರೆ ಮೀನು ಎಂದು ನಮಗೆ ಸಿಗುವುದು ಹೆಚ್ಚಾಗಿ ಕಾಟ್ಲಾ, ರೋಹು, ಮೃಗಾಲ್. ಅವು ಗಂಗಾನದಿ ಸೀಮೆಯ ಮೀನುಗಳು, ಮರಿ ತಂದು ಬಿಟ್ಟು ಬೆಳೆಸುವುದು. ಅದರಿಂದ ಎಷ್ಟೋ ಮನೆ ನಡೆಯುತ್ತಿದೆ, ಅದು ಬೇಡ ಎನ್ನಲಾಗದು. ಆಫ್ರಿಕಾದಿಂದ 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯಾ, ಅಂದರೆ ನಮ್ಮ ಜಿಲೇಬಿ ಮೀನು, ಯಾರೂ ಬಿಡದಿದ್ದರೂ ತಾನೇ ಹೆಚ್ಚುತ್ತದೆ. ಸರ್ಕಾರ ನಿಷೇಧಿಸಿರುವ ಆಫ್ರಿಕನ್ ಕ್ಯಾಟ್‌ಫಿಶ್ ಅನ್ನು ಕೋಳಿ ತ್ಯಾಜ್ಯ ಹಾಕಿ ಕದ್ದು ಸಾಕುವ ಸುದ್ದಿ ರಾಜ್ಯದ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಆ ಮೀನು ತಪ್ಪಿಸಿಕೊಂಡು ಕೆರೆಗೆ ಬಂದರೆ ಸಣ್ಣ ಮೀನುಗಳನ್ನೆಲ್ಲ ತಿನ್ನುತ್ತದೆ.

ಇನ್ನೊಂದು ವಿಷಯ ನನಗೆ ಹೊಸದಾಗಿತ್ತು. ನಮ್ಮ ಕೆರೆಗಳು ಬೇಸಿಗೆಯಲ್ಲಿ ಇಳಿಯುವುದು, ಕೆಲವು ವರ್ಷ ಒಣಗುವುದು ರೋಗವಲ್ಲ, ಅದು ಅವುಗಳ ಬದುಕಿನ ಭಾಗ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಮೊಟ್ಟೆಗಳು ಒಣಗಿದ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದು, ನೀರು ಬಂದ ಕೂಡಲೇ ಒಡೆಯುತ್ತವೆ. ಅವನ್ನು ಮೀನಿನ ಮರಿ ತಿನ್ನುತ್ತದೆ, ಮೀನಿನ ಮರಿಯನ್ನು ಬೆಳ್ಳಕ್ಕಿ, ಮಿಂಚುಳ್ಳಿ, ನೀರುಕಾಗೆ ತಿನ್ನುತ್ತವೆ. ಈ ಎಲ್ಲ ವ್ಯವಹಾರ ಹೆಚ್ಚಾಗಿ ನಡೆಯುವುದು ಮೊಣಕಾಲುದ್ದ ನೀರಿರುವ ಅಂಚಿನಲ್ಲಿ. ಕೆರೆ ಅಭಿವೃದ್ಧಿ ಎಂದು ಜೆಸಿಬಿ ತಂದು ಅಂಚನ್ನೆಲ್ಲ ಗೋಡೆಯ ಹಾಗೆ ನೇರ ಮಾಡಿ, ಸುತ್ತ ಟೈಲ್ಸ್ ಹಾಕಿದರೆ ನೀರು ಹೆಚ್ಚು ನಿಲ್ಲಬಹುದು, ಅಂಚು ಹೋಗುತ್ತದೆ. ಹೂಳು ತೆಗೆಯಬೇಕು ನಿಜ. ಎಲ್ಲಿ ತೆಗೆಯಬೇಕು, ಎಲ್ಲಿ ಬಿಡಬೇಕು ಎಂದು ಹೇಳಲು ಆ ಕೆರೆಯನ್ನು ನಾಲ್ಕು ಕಾಲ ನೋಡಿದವರು ಬೇಕು. ಹಿಂದೆ ನೀರುಗಂಟಿ ಇದ್ದ, ಅವನಿಗೆ ತೂಬು, ಕೋಡಿ, ಕಾಲುವೆ ಎಲ್ಲವೂ ಗೊತ್ತಿತ್ತು. ಈಗ ಕೆರೆಯನ್ನು ದಿನಾ ನೋಡುವ ಕೆಲಸ ಯಾರಿಗೂ ಇಲ್ಲ.

ತರೀಕೆರೆಯಿಂದ ಬರುವ ನನ್ನ ಗೆಳತಿ ಲಕ್ಕವಳ್ಳಿ ಹಿನ್ನೀರಿನ ರಿವರ್ ಟರ್ನ್ ಹಕ್ಕಿಗಳ ವಿಷಯ ಹೇಳಿದಾಗ ಇದು ಇನ್ನೂ ಚೆನ್ನಾಗಿ ಅರ್ಥವಾಯಿತು. ಭದ್ರಾ ಜಲಾಶಯದ ನೀರು ಬೇಸಿಗೆಗೆ ಇಳಿದಾಗ ನಡುವೆ ನಡುಗಡ್ಡೆಗಳು ಏಳುತ್ತವೆ. ಆ ಬರಿನೆಲದ ಮೇಲೆ ಸಾವಿರಾರು ಟರ್ನ್‌ಗಳು ಮೊಟ್ಟೆ ಇಡುತ್ತವೆ. ಜಗತ್ತಿನಲ್ಲಿ ಸಂಖ್ಯೆ ಕಡಿಮೆಯಾಗುತ್ತಿರುವ ಹಕ್ಕಿ ಅದು. ಮೊಟ್ಟೆ ಒಡೆಯುವ ಮೊದಲು ನೀರು ಏರಿದರೆ ಗೂಡು ಮುಳುಗುತ್ತದೆ, ತೀರಾ ಇಳಿದರೆ ನಡುಗಡ್ಡೆ ದಡಕ್ಕೆ ಸೇರಿ ನಾಯಿ ನರಿ ಬರುತ್ತವೆ. ಅಂದರೆ ಆ ಹಕ್ಕಿಗೆ ಎಷ್ಟು ನೀರು ಎಂಬುದರ ಜೊತೆ ಯಾವಾಗ ಎಂಬುದೂ ಮುಖ್ಯ. ಕಾಲುವೆಗೆ ಯಾವ ದಿನ ನೀರು ಬಿಡಬೇಕು ಎಂದು ಸಭೆ ಮಾಡುವಾಗ ಹಕ್ಕಿಯ ದಿನಾಂಕವೂ ಒಬ್ಬರ ಕೈಯಲ್ಲಿ ಇರಬೇಕಲ್ಲವೇ?

ಕಾನೂನು ಇಲ್ಲವೇ ಎಂದು ನೀವು ಕೇಳಬಹುದು. ಇದೆ. ರಾಜ್ಯದಲ್ಲಿ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ಇದೆ. ಆದರೆ ಕೇಂದ್ರದ 2017ರ ಜೌಗುಪ್ರದೇಶ ನಿಯಮಗಳಲ್ಲಿ ಒಂದು ವಿಚಿತ್ರವಿದೆ. ನೀರಾವರಿಗೆ, ಕುಡಿಯುವ ನೀರಿಗೆ ಎಂದು ಮನುಷ್ಯರು ಕಟ್ಟಿದ ಜಲಮೂಲಗಳು ಜೌಗುಪ್ರದೇಶದ ವ್ಯಾಖ್ಯೆಯಿಂದ ಹೊರಗೆ. ಅಂದರೆ 800 ವರ್ಷಗಳಿಂದ ಹಕ್ಕಿ, ಮೀನು, ತಾವರೆ ಇರುವ ಕೆರೆಯೂ ಆ ನಿಯಮದ ಕಣ್ಣಿಗೆ ಒಂದು ನೀರಿನ ತೊಟ್ಟಿ. ಆದರೆ 1971ರಲ್ಲಿ ಇರಾನಿನ ರಾಮ್ಸಾರ್‌ನಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದ ಮನುಷ್ಯರು ಕಟ್ಟಿದ ಕೆರೆಯನ್ನೂ ಒಪ್ಪುತ್ತದೆ. 2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ರಾಮ್ಸಾರ್ ಪಟ್ಟಿ ಸೇರಿದವು. ಎರಡೂ ನಮ್ಮದರಂತೆಯೇ ಹಳ್ಳಿಯ ನೀರಾವರಿ ಕೆರೆಗಳು. ಅಲ್ಲಿಗೆ ಯಾವ ಹಕ್ಕಿ ಬರುತ್ತದೆ, ಎಷ್ಟು ಬರುತ್ತವೆ ಎಂದು ಎಣಿಸಿದವರಿದ್ದರು. ಎಣಿಕೆ ಇಲ್ಲದಿದ್ದರೆ ಯಾವ ಪಟ್ಟಿಗೂ ಹೆಸರು ಸೇರುವುದಿಲ್ಲ.

ಕೆಲವರು ಹೇಳುತ್ತಾರೆ, ಕಡೂರು ಬರದ ತಾಲ್ಲೂಕು, ಮನುಷ್ಯನಿಗೇ ನೀರಿಲ್ಲ, ಮೀನು ಹಕ್ಕಿಯ ಲೆಕ್ಕ ಯಾರಿಗೆ ಬೇಕು ಎಂದು. ನನಗೆ ಹಾಗೆ ಅನ್ನಿಸುವುದಿಲ್ಲ. ಮೀನು ಸತ್ತ ಆ ಕೆರೆಯ ನೀರನ್ನು ಒಂದು ವಾರ ಯಾರೂ ದನಕ್ಕೂ ಕುಡಿಸಲಿಲ್ಲ. ಅಂದರೆ ನೀರು ಇತ್ತು, ಉಪಯೋಗಕ್ಕೆ ಇರಲಿಲ್ಲ. ನೀರು ಕಡಿಮೆ ಇರುವವರೇ ಅದು ಕೆಡದಂತೆ ಹೆಚ್ಚು ನೋಡಿಕೊಳ್ಳಬೇಕು.

ಹಾಗಾದರೆ ನಾವು ಏನು ಮಾಡಬಹುದು? ನನ್ನದು ಎರಡು ಸಲಹೆ.

ಮೊದಲನೆಯದು, ಅಂಗಡಿ ಇರುವ ಮನೆಗಳವರಿಗೆ. ಜುಲೈನಲ್ಲಿ ನಾನು ಮಾಮೂಗೆ ಒಂದು ಲೆಕ್ಕ ಹಾಕಿ ತೋರಿಸಿದೆ. ಪರಿಚಯದ ಒಬ್ಬರ ತೆಂಗಿನ ತೋಟವಿದೆ. ಬಾವಿಯಿಂದ ದೂರ ಒಂದು ಗುಂಡಿ ತೆಗೆದು, ಒಂದು ಪದರ ಕೋಳಿ ತ್ಯಾಜ್ಯ, ಒಂದು ಪದರ ತೆಂಗಿನ ನಾರಿನ ಪುಡಿ ಮತ್ತು ಒಣ ಎಲೆ, ಮೇಲೆ ಮಣ್ಣು ಹಾಕಿದರೆ ವಾಸನೆ ಬರುವುದಿಲ್ಲ, ಕೆಲವು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಪುಕ್ಕದಲ್ಲಿ ಸಾರಜನಕ ಹೆಚ್ಚು, ತೆಂಗಿಗೆ ಒಳ್ಳೆಯದು. ಪೆಟ್ರೋಲ್, ಆಳಿನ ಖರ್ಚು ಸೇರಿ ನಮಗೆ ದಿನಕ್ಕೆ 50 ರೂಪಾಯಿ ಬೀಳುತ್ತದೆ. ಅಂಗಡಿಯಲ್ಲಿ ದಿನಕ್ಕೆ ಸುಮಾರು 60 ಕಿಲೋ ಮಾರಾಟ. ಕಿಲೋಗೆ ಒಂದು ರೂಪಾಯಿಗಿಂತ ಕಡಿಮೆ. ಮಾಮೂ ಎರಡು ದಿನ ಯೋಚನೆ ಮಾಡಿ ಒಪ್ಪಿದರು. ಅದೇ ಸಾಲಿನ ಇನ್ನೂ ಮೂರು ಅಂಗಡಿಯವರನ್ನು ಕೇಳಿದೆವು. ಒಬ್ಬರು ಸೇರಿದರು, ಇಬ್ಬರು ಸೇರಲಿಲ್ಲ. ಮಳೆ ಬಂದ ರಾತ್ರಿ ಭಾಯಿ ತೋಟದವರೆಗೆ ಹೋಗಲು ಗೊಣಗುತ್ತಾನೆ, ಒಂದೆರಡು ಸಲ ಹೋಗಲಿಲ್ಲ ಎಂದೂ ನನಗೆ ಗೊತ್ತು. ಬಕ್ರೀದ್ ಸಮಯಕ್ಕೆ ಇದಕ್ಕಿಂತ ದೊಡ್ಡ ವ್ಯವಸ್ಥೆ ಬೇಕು, ಅದನ್ನು ಮಸೀದಿ ಕಮಿಟಿಯವರು ಮತ್ತು ಪುರಸಭೆಯವರು ಮೊದಲೇ ಕುಳಿತು ಮಾತಾಡಿದರೆ ಆಗುತ್ತದೆ. ನಾವು ನಮ್ಮ ಚೀಲ ನಿಲ್ಲಿಸಿದ ಮೇಲೆ ಊರಿನ ಚರಂಡಿಯ ವಿಷಯ ಪುರಸಭೆಯಲ್ಲಿ ಕೇಳಲು ನಮಗೂ ಬಾಯಿ ಬರುತ್ತದೆ.

ಎರಡನೆಯದು, ನಮ್ಮ ಕಾಲೇಜಿಗೆ. ನಮ್ಮಲ್ಲಿ ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆಯ ವಿದ್ಯಾರ್ಥಿಗಳಿದ್ದಾರೆ. ಮೂರು ತಂಡ ಮಾಡೋಣ, ಒಂದೊಂದು ತಂಡಕ್ಕೆ ತನ್ನ ಊರಿನ ಹತ್ತಿರದ ಒಂದು ಕೆರೆ. ತಿಂಗಳಿಗೊಮ್ಮೆ ಹೋಗಿ ಒಂದೇ ರೀತಿಯ ಪುಸ್ತಕದಲ್ಲಿ ಬರೆಯೋಣ: ತೂಬಿನ ಎಷ್ಟನೇ ಮೆಟ್ಟಿಲಿಗೆ ನೀರಿದೆ, ನೀರಿನ ಬಣ್ಣ ಮತ್ತು ವಾಸನೆ, ಯಾವ ಹಕ್ಕಿ ಎಷ್ಟು, ಆ ದಿನ ಬಲೆಗೆ ಯಾವ ಮೀನು ಬಿತ್ತು ಎಂದು ಮೀನುಗಾರರನ್ನು ಕೇಳಿ, ಕಳೆ ಎಷ್ಟು ಭಾಗ ಮುಚ್ಚಿದೆ, ಕಾಲುವೆಯಲ್ಲಿ ಏನು ಬಿದ್ದಿದೆ. ನೀರಿನ ತಿಳಿ ಅಳೆಯಲು ದುಡ್ಡು ಬೇಕಿಲ್ಲ. 20 ಸೆಂಟಿಮೀಟರ್ ಅಗಲದ ಒಂದು ತಟ್ಟೆಗೆ ನಾಲ್ಕು ಭಾಗ ಮಾಡಿ ಕಪ್ಪು ಬಿಳಿ ಬಣ್ಣ ಹಚ್ಚಿ, ಹತ್ತು ಸೆಂಟಿಮೀಟರ್‌ಗೊಂದು ಗಂಟು ಹಾಕಿದ ಹಗ್ಗದಲ್ಲಿ ಇಳಿಬಿಡಬೇಕು. ಎಷ್ಟನೇ ಗಂಟಿಗೆ ತಟ್ಟೆ ಕಾಣೆಯಾಗುತ್ತದೋ ಅದೇ ಅಳತೆ. ಇದಕ್ಕೆ ಸೆಕ್ಕಿ ತಟ್ಟೆ ಎನ್ನುತ್ತಾರೆ. ನಾನು ಅಮ್ಮಿಯ ಹಳೆಯ ಡಬ್ಬಿಯ ಮುಚ್ಚಳದಲ್ಲಿ ಒಂದು ಮಾಡಿದ್ದೇನೆ. ನಮ್ಮ ಕೆರೆಯಲ್ಲಿ ಎರಡನೇ ಗಂಟು ಮುಳುಗುವ ಮೊದಲೇ ತಟ್ಟೆ ಕಾಣಲಿಲ್ಲ. ನಾನಿ ಪಕ್ಕದಲ್ಲಿ ನಿಂತು ನೋಡುತ್ತಿದ್ದರು, ಏನೂ ಹೇಳಲಿಲ್ಲ.

ಈ ಪುಸ್ತಕ ನಮ್ಮ ಕಪಾಟಿನಲ್ಲೇ ಉಳಿಯಬೇಕಾಗಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿ, ಪುರಸಭೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನರ ಸಹಾಯದಿಂದ ಊರಿನ ಜೀವವೈವಿಧ್ಯ ದಾಖಲೆ ಬರೆಯಬೇಕು. ನಮ್ಮ ಎಣಿಕೆಯನ್ನು ಅಲ್ಲಿಗೆ ಕೊಡಬಹುದು. ಮುಂದಿನ ಬೇಸಿಗೆಯಲ್ಲಿ ಮತ್ತೆ ಮೀನು ಸತ್ತರೆ ಹಿಂದಿನ ತಿಂಗಳ ಪುಟ ತೆರೆದು ತೋರಿಸಬಹುದು. ವಿಷ ಯಾರು ಹಾಕಿದರು ಎಂಬ ಮಾತು ಶುರುವಾಗುವ ಮೊದಲೇ.

ಇದು ಸೈನ್ಸ್ ವಿಭಾಗದವರ ಕೆಲಸ ಎಂದು ನಮ್ಮ ತರಗತಿಯಲ್ಲಿ ಕೆಲವರು ಹೇಳಿದರು. ಅವರು ಖಂಡಿತ ಬರಲಿ, ಮೀನಿನ ಹೆಸರು ಹೇಳಲು ಅವರು ಬೇಕು. ಪ್ರತಿ ತಿಂಗಳು ತಪ್ಪದೆ ಕಾಲಂ ತುಂಬಿಸುವುದು, ಮೊತ್ತ ತಾಳೆ ನೋಡುವುದು ಕಾಮರ್ಸ್‌ನವರ ಅಭ್ಯಾಸ. ಕೆರೆಗೆ ಹೋಗುವಾಗ ಒಬ್ಬ ಹಿರಿಯರು ಜೊತೆಯಲ್ಲಿರಬೇಕು, ಯಾರೂ ನೀರಿಗೆ ಇಳಿಯಬಾರದು. ಪ್ರಾಂಶುಪಾಲರ ಅನುಮತಿ ಕೇಳುವ ಅರ್ಜಿಯನ್ನು ನಾನು ಬರೆದಿಟ್ಟಿದ್ದೇನೆ, ಅದಕ್ಕೆ ಈಗ ಹನ್ನೊಂದು ಸಹಿ ಆಗಿದೆ. ಆಸಕ್ತಿ ಇದ್ದವರು ತಮ್ಮ ಹೆಸರು, ಊರು, ಹತ್ತಿರದ ಕೆರೆಯ ಹೆಸರು ಬರೆದು ಈ ಪತ್ರಿಕೆಯ ಪೆಟ್ಟಿಗೆಯಲ್ಲಿ ಹಾಕಿ. ಮನೆಯಲ್ಲಿ ಅಜ್ಜ ಅಜ್ಜಿ, ದಾದಾ ದಾದಿ ಇದ್ದರೆ ಅವರು ಚಿಕ್ಕವರಿದ್ದಾಗ ಆ ಕೆರೆಯಲ್ಲಿ ಏನೇನು ಕಂಡಿದ್ದರು ಎಂದು ಕೇಳಿ, ಅದನ್ನೂ ಒಂದು ಹಾಳೆಯಲ್ಲಿ ಬರೆದು ತನ್ನಿ. ಮೊದಲ ಪುಟಕ್ಕೆ ಅದು ಬೇಕು.

ಮಾಮೂ ಅಂಗಡಿಯ ಪುಸ್ತಕ ಈಗಲೂ ನನ್ನ ಹತ್ತಿರವೇ ಇದೆ. 'ತ್ಯಾಜ್ಯ' ಎಂಬ ಸಾಲಿನ ಮುಂದೆ ಈಗ 50 ಎಂದು ಬರೆಯುತ್ತೇನೆ. ಭಾಯಿ ತೋಟಕ್ಕೆ ಹೋಗದ ದಿನ ಸೊನ್ನೆ ಬರೆದು, ಅದರ ಸುತ್ತ ಕೆಂಪು ಗೆರೆ ಎಳೆಯುತ್ತೇನೆ.